ಅತ್ತಿಗೆಯ ಮೂರು ಸಾವಿರ ಓದುಗರಿಗೆ ಮೇಲ್ ಕಳ್ಸೋಕೆ ಯಾವ ಟೂಲ್?

ಯೂಟ್ಯೂಬ್‌ನಲ್ಲಿ ಎಷ್ಟೇ ಜನ ಸಬ್‌ಸ್ಕ್ರೈಬರ್ಸ್ ಇರ್ಲಿ, ಅವರಲ್ಲಿ ಒಬ್ಬರ ಅಡ್ರೆಸ್ಸೂ ನಮ್ಮ ಹತ್ರ ಇರಲ್ಲ. ಅದಕ್ಕೇ ಅಡುಗೆ ವಿಡಿಯೋ ಮಾಡೋ ನಮ್ಮ ಅತ್ತಿಗೆ ಪ್ರತಿ ವಿಡಿಯೋ ಕೆಳಗೂ ಒಂದು ಗೂಗಲ್ ಫಾರ್ಮ್ ಹಾಕಿ, ರೆಸಿಪಿ ಪತ್ರ ಬೇಕಾದವರು ಇಮೇಲ್ ಕೊಡಿ ಅಂತ ಕೇಳ್ತಾ ಬಂದಿದ್ರು. ಅದು ಮೂರು ಸಾವಿರ ದಾಟಿದ ಮೇಲೆ ಒಂದು ಭಾನುವಾರ ಮಲ್ಲೇಶ್ವರದ ಅವರ ಮನೇಲಿ ಊಟ ಮುಗಿಸಿ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತ್ವಿ.

ಮೊದಲು ನೋಡಿದ್ದು ಎಲ್ಲರೂ ಹೇಳೋ ಮೇಲ್‌ಚಿಂಪ್. ಒಂದು ಕಾಲದಲ್ಲಿ 2000 ಜನರವರೆಗೆ ಫ್ರೀ ಇತ್ತು, ಆಮೇಲೆ ಅದನ್ನ ತುಂಬಾ ಇಳಿಸಿದ್ರು, ಅದರ ಮೇಲೆ ಲಿಸ್ಟಲ್ಲಿ ಎಷ್ಟು ಜನ ಇದಾರೋ ಅಷ್ಟಕ್ಕೆ ದುಡ್ಡು, ಅನ್‌ಸಬ್‌ಸ್ಕ್ರೈಬ್ ಆದವರನ್ನ ನಾವೇ ಆರ್ಕೈವ್ ಮಾಡದಿದ್ರೆ ಅವರೂ ಲೆಕ್ಕಕ್ಕೆ ಸೇರ್ತಾರೆ. ಅತ್ತಿಗೆ ತಕ್ಷಣ ಕೇಳಿದ್ರು, "ಅಲ್ಲ ಕಣೋ, ನಾನು ಬರೆಯೋದೇ ತಿಂಗಳಿಗೆ ಎರಡು ಪತ್ರ, ದಿನಾ ಕಳ್ಸೋರಷ್ಟೇ ನಾನೂ ಯಾಕೆ ಕೊಡ್ಬೇಕು?" ಇಡೀ ವಿಷಯ ಇರೋದೇ ಇಲ್ಲಿ. ಓದುಗರು ಜಾಸ್ತಿ, ಪತ್ರ ಕಮ್ಮಿ ಅನ್ನೋರಿಗೆ ತಲೆ ಲೆಕ್ಕದ ರೇಟಿಗಿಂತ ಮೇಲ್ ಲೆಕ್ಕದ ರೇಟೇ ಸರಿ.

ಬ್ರೆವೋ ಅನ್ನೋ ಇನ್ನೊಂದು ಟೂಲಲ್ಲಿ ಮೇಲ್ ಲೆಕ್ಕದ ರೇಟೇ ಇದೆ, ಆದ್ರೆ ಫ್ರೀ ಪ್ಲಾನಲ್ಲಿ ದಿನಕ್ಕೆ 300 ಮೇಲ್ ಮಾತ್ರ. ಮೂರು ಸಾವಿರ ಜನಕ್ಕೆ ಹತ್ತು ದಿನ ಬೇಕು. ಚೌತಿ ಕಡುಬಿನ ರೆಸಿಪಿ ಗಣೇಶನ್ನ ಬಿಟ್ಟ ಮೇಲೆ ಹೋದ್ರೆ ಯಾರಿಗೆ ಬೇಕು?

ಕೊನೆಗೆ ನಾವು ಹಿಡಿದಿದ್ದು ಲಿಸ್ಟ್‌ಮಾಂಕ್. ನಮ್ಮ ಬೆಂಗಳೂರಿನ ಜೆರೋಧಾ ಕಂಪನಿಯ ಸಿಟಿಒ (ಟೆಕ್ನಾಲಜಿ ಮುಖ್ಯಸ್ಥ) ಕೈಲಾಶ್ ನಾಧ್ ಮಾಡಿರೋ, ಲಿಸ್ಟಲ್ಲಿರೋರಿಗೆಲ್ಲ ಮೇಲ್ ಕಳ್ಸೋ ಓಪನ್ ಸೋರ್ಸ್ ಸಾಫ್ಟ್‌ವೇರ್, ಪೂರ್ತಿ ಫ್ರೀ. ಅದನ್ನ ಒಂದು ಚಿಕ್ಕ ಸರ್ವರ್‌ನಲ್ಲಿ ಹಾಕಿ, ಮೇಲ್ ಹೋಗೋಕೆ ಅಮೆಜಾನ್‌ನ ಎಸ್‌ಇಎಸ್ ಅನ್ನೋ ಮೇಲ್ ಸರ್ವೀಸ್ ಜೋಡಿಸಿದ್ವಿ, ಅಲ್ಲಿ 1000 ಮೇಲ್‌ಗೆ 10 ಸೆಂಟ್. ತಿಂಗಳಿಗೆ 6000 ಮೇಲ್ ಅಂದ್ರೆ 60 ಸೆಂಟ್, ಸರ್ವರ್ ಬಾಡಿಗೆ ಬೇರೆ. ಮನೇಲಿ ಸರ್ವರ್ ನೋಡ್ಕೊಳ್ಳೋರು ಯಾರೂ ಇಲ್ಲ ಅಂದ್ರೆ ಮಾತ್ರ ಈ ದಾರಿ ಬೇಡ, ಅಂಥವರಿಗೆ ನಾನು ಕಿಟ್ ಅನ್ನೋ ರೆಡಿಮೇಡ್ ಸರ್ವೀಸ್ ಹೇಳ್ತೀನಿ, 2024ರಲ್ಲಿ ಅವರು 10,000 ಜನರವರೆಗೆ ಫ್ರೀ ಮಾಡಿದ್ರು.

ಮೇಲ್ ನಿಜವಾಗ್ಲೂ ನಮ್ಮಿಂದಲೇ ಬಂದಿದ್ದು ಅಂತ ತೋರಿಸೋಕೆ ನಮ್ಮ ಡೊಮೇನ್‌ಗೆ (ಮೇಲ್ ಐಡಿಯಲ್ಲಿ @ ಆದ್ಮೇಲೆ ಬರೋ ಹೆಸರು) ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅನ್ನೋ ಮೂರೂ ಸೆಟ್ಟಿಂಗ್ ಹಾಕಿದ್ವಿ. ಜಿಮೇಲ್ ಅಡ್ರೆಸ್‌ಗಳಿಗೆ ದಿನಕ್ಕೆ 5000ಕ್ಕಿಂತ ಜಾಸ್ತಿ ಮೇಲ್ ಕಳ್ಸೋರಿಗೆ ಜಿಮೇಲ್ 2024ರ ಫೆಬ್ರವರಿಯಿಂದ ಇದನ್ನ ಕಡ್ಡಾಯ ಮಾಡಿದೆ, ಕಮ್ಮಿ ಕಳ್ಸೋರೂ ಮಾಡ್ಕೊಳ್ಳೋದು ಒಳ್ಳೇದು.

ಟೆಸ್ಟ್ ಮೇಲ್ ಕಳಿಸಿದಾಗ ಕಡುಬಿನ ಪತ್ರ ಅರ್ಧಕ್ಕೇ ತುಂಡಾಗಿ ಬಂತು. ಮೇಲ್ 102 ಕೆಬಿ ದಾಟಿದ್ರೆ ಜಿಮೇಲ್ ಉಳಿದಿದ್ದನ್ನ ಮುಚ್ಚಿಬಿಡುತ್ತೆ, ಕೆಳಗಿರೋ ಅನ್‌ಸಬ್‌ಸ್ಕ್ರೈಬ್ ಲಿಂಕೂ ಅದರ ಜೊತೆ ಹೋಗುತ್ತೆ, ಬೇಡ ಅನ್ನೋರಿಗೆ ಅದು ಸಿಗದಿದ್ರೆ ಸ್ಪ್ಯಾಮ್ ಒತ್ತುತಾರೆ. ಕನ್ನಡದಲ್ಲಿ ಬರೆದ್ರೆ ಆ ಮಿತಿ ಬೇಗ ತುಂಬುತ್ತೆ, ಯಾಕಂದ್ರೆ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಜಾಗ ಸಾಕು, ನಮ್ಮ 'ಕ' ಒಂದಕ್ಕೇ ಮೂರು, 'ಕ್ಷ' ಅಂದ್ರೆ ಒಂಬತ್ತು. ಅದರ ಜೊತೆಗೆ ಗೂಗಲ್ ಡಾಕ್ಸ್‌ನಿಂದ ಪೇಸ್ಟ್ ಮಾಡಿದಾಗ ಬಂದ ಫಾಂಟು, ಬಣ್ಣದ ಕೋಡ್ ಬೇರೆ ಸೇರ್ಕೊಂಡಿತ್ತು. ಎಲ್ಲಾ ತೆಗೆದು ಪ್ಲೇನ್ ಟೆಕ್ಸ್ಟ್ ಹಾಕಿದ ಮೇಲೆ ಪೂರ್ತಿ ಕಾಣಿಸ್ತು, ಅತ್ತಿಗೆ ಅಲ್ಲೇ ಕೂತು ಹೂರಣದ ಅಳತೆ ಇನ್ನೊಂದ್ ಸಲ ಓದಿ ನೋಡಿ ಕಳ್ಸು ಅಂದ್ರು.