ತುಳಸಿಕಟ್ಟೆಗೆ ಗುದ್ದಿದ ಗೇರ್ ನಾಬ್

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ಎಂಜಿನ್ ಇಳಿಸುವುದು, ಕ್ಲಚ್ ಪ್ಲೇಟ್ ಬದಲಿಸುವುದು ಇಂಥವಕ್ಕೆ ನಾನೇ ಕೈಹಾಕುತ್ತೇನೆ. ವೈಪರ್ ರಬ್ಬರ್, ಕನ್ನಡಿ, ಗೇರ್ ಲಿವರಿನ ತುದಿಯ ಹಿಡಿ ಅಂದರೆ ಗೇರ್ ನಾಬ್, ಇವೆಲ್ಲ ಹುಡುಗರ ಪಾಲಿನ ಕೆಲಸ. ಗಿರಾಕಿ ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟರಲ್ಲಿ ಆಗಿಬಿಡುತ್ತದೆ ಎಂಬ ಸಸಾರ ನನಗಿತ್ತು. ಆ ಸಸಾರದ ಬೆಲೆ ತೆತ್ತದ್ದು ನಾನಲ್ಲ, ಒಬ್ಬ ಗಿರಾಕಿಯ ಮನೆಯಂಗಳದ ತುಳಸಿಕಟ್ಟೆ.

ಗಿರಾಕಿ ನಿವೃತ್ತ ಗಣಿತ ಮೇಷ್ಟ್ರು. ಅವರದು ಹಳೆಯ ಹೋಂಡಾ ಸಿಟಿ, 1998ರಲ್ಲಿ ನಮ್ಮ ದೇಶಕ್ಕೆ ಬಂತಲ್ಲ, ಆ ಮೊದಲ ಮಾದರಿ. ಗೇರ್ ನಾಬಿನ ಚರ್ಮ ವರ್ಷಗಟ್ಟಲೆ ಅಂಗೈ ಬೆವರು ಕುಡಿದು, ಬಿಸಿಲಿಗೆ ಒಣಗಿ, ಹಪ್ಪಳದಂತೆ ಎದ್ದು ಬರುತ್ತಿತ್ತು. ಕೈಗೆಲ್ಲ ಕಪ್ಪು ಪುಡಿ. “ಪಂಚೆಗೆ ಹತ್ತುತ್ತದೆ, ಇದನ್ನೊಂದು ಬದಲಿಸಿಕೊಡಪ್ಪಾ” ಎಂದರು. ಎಲ್ಲ ಕಾರಿಗೂ ಹೊಂದುತ್ತದೆ ಎಂದು ಅಂಗಡಿಯಲ್ಲಿ ಮಾರುವ ಒಂದು ನಾಬ್ ತರಿಸಿದೆ. ಬೆಳ್ಳಿ ಬಣ್ಣದ ತಲೆ, ಕಪ್ಪು ಹೊಲಿಗೆ, ನೋಡಲು ಲಕ್ಷಣವಾಗಿತ್ತು. ಇಂಥ ನಾಬಿನ ಜೊತೆ ಬೇರೆ ಬೇರೆ ಅಳತೆಯ ಮೂರು ಪ್ಲಾಸ್ಟಿಕ್ ಬುಷ್, ಅಂದರೆ ಸಂದು ತುಂಬುವ ಕೊಳವೆ ತುಂಡುಗಳು, ಬರುತ್ತವೆ. ಲಿವರಿಗೆ ಸರಿಹೊಂದುವ ಬುಷ್ ತೂರಿಸಿ, ಸುತ್ತಲಿನ ಸಣ್ಣ ಅಲೆನ್ ಸ್ಕ್ರೂಗಳನ್ನು ಬಿಗಿದರೆ ಆಯಿತು. ಹುಡುಗ ಬಿಗಿದ. ನಾನು ಒಮ್ಮೆ ಅಲ್ಲಾಡಿಸಿ ನೋಡಿ, ಗಟ್ಟಿಯಾಗಿದೆ ಎಂದು ಕಳಿಸಿದೆ.

ನಾಬಿನ ತಲೆಯ ಮೇಲೆ ಗೇರಿನ ನಕ್ಷೆ ಇರುತ್ತದೆಯಲ್ಲ, ಅದನ್ನು ನಾನೂ ನೋಡಲಿಲ್ಲ, ಹುಡುಗನೂ ನೋಡಲಿಲ್ಲ. ಮೇಷ್ಟ್ರಿಗಂತೂ ನೋಡುವ ಅಗತ್ಯವೇ ಇರಲಿಲ್ಲ, ಅವರ ಕೈಗೆ ದಾರಿ ಬಾಯಿಪಾಠವಾಗಿತ್ತು. ಆ ಕಾರಿನಲ್ಲಿ ರಿವರ್ಸ್ ಇರುವುದು ಬಲಕ್ಕೆ ಕೆಳಗೆ, ಐದನೆಯ ಗೇರಿನ ಹಿಂದೆ. ಹೊಸ ನಾಬಿನ ಮೇಲೆ ಅಚ್ಚಾಗಿದ್ದುದು ಎಡಕ್ಕೆ ಮೇಲೆ, ಒಂದನೆಯ ಗೇರಿನ ಪಕ್ಕದಲ್ಲಿ.

ದೀಪಾವಳಿಗೆ ಅಳಿಯಂದಿರು ಬೆಂಗಳೂರಿನಿಂದ ಬಂದರು. ಅವರ ಸ್ವಂತ ಕಾರಿನಲ್ಲಿ ರಿವರ್ಸ್ ಇರುವುದು ಎಡಕ್ಕೆ ಮೇಲೆಯೇ. ನಾಬಿನ ಕೆಳಗಿನ ಉಂಗುರವನ್ನು ಬೆರಳಿನಿಂದ ಎತ್ತಿ ಹಾಕಬೇಕು. ಮಾವನ ಕಾರನ್ನು ಅಂಗಳದಿಂದ ಹಿಂದಕ್ಕೆ ತೆಗೆಯಲು ಕುಳಿತವರು ನಾಬ್ ನೋಡಿದರು, ಪರಿಚಿತ ನಕ್ಷೆ ಕಂಡಿತು. ಉಂಗುರವಿಲ್ಲ, ಹಳೆಯ ಕಾರಲ್ಲವೇ, ಇರಲಿಕ್ಕಿಲ್ಲ ಎಂದುಕೊಂಡರು. ಲಿವರನ್ನು ಎಡಕ್ಕೆ ಮೇಲೆ ತಳ್ಳಿ, ಕತ್ತು ಹಿಂದಕ್ಕೆ ತಿರುಗಿಸಿ ಕ್ಲಚ್ ಬಿಟ್ಟರು. ಬಿದ್ದದ್ದು ಒಂದನೆಯ ಗೇರ್. ಕಾರು ಮುಂದಕ್ಕೆ ಹೋಗಿ ತುಳಸಿಕಟ್ಟೆಗೆ ಗುದ್ದಿತು. ಕಟ್ಟೆಯ ಗಾರೆ ಉದುರಿತು, ಬಂಪರ್ ಸೀಳಿತು. ಸದ್ಯ, ದೀಪ ಹಚ್ಚುವ ಹೊತ್ತಾಗಿರಲಿಲ್ಲ. ಅಲ್ಲಿ ಯಾರೂ ನಿಂತಿರಲಿಲ್ಲ.

ಮೇಷ್ಟ್ರು ಬೈಯಲಿಲ್ಲ. ನಾಬನ್ನು ಬಿಚ್ಚಿಸಿ ನನ್ನ ಮೇಜಿನ ಮೇಲಿಟ್ಟು, “ಪ್ರಶ್ನೆಪತ್ರಿಕೆಯಲ್ಲೇ ತಪ್ಪಿದ್ದರೆ ವಿದ್ಯಾರ್ಥಿಗೆ ಅಂಕ ಕೊಡಲೇಬೇಕು ಕಣಪ್ಪಾ. ನಮ್ಮ ಅಳಿಯ ಪಾಸು” ಎಂದರು. ಬೈದಿದ್ದರೇ ಹಗುರವಾಗುತ್ತಿತ್ತು. ಬಂಪರ್ ಕೆಲಸವನ್ನು ನನ್ನ ಖರ್ಚಿನಲ್ಲೇ ಮಾಡಿಸಿಕೊಟ್ಟೆ.

ನಾಬ್ ಬಿಚ್ಚಿದಾಗ ಇನ್ನೊಂದು ತಪ್ಪೂ ಹೊರಬಿತ್ತು. ಅಲೆನ್ ಸ್ಕ್ರೂಗಳು ಬುಷ್ ಸೀಳಿಕೊಂಡು ಲಿವರಿನ ಥ್ರೆಡ್ಡನ್ನೇ, ಅಂದರೆ ನಾಬ್ ತಿರುಗಿಸಿ ಕೂರಿಸುವ ಸುರುಳಿ ಗೆರೆಗಳನ್ನೇ, ಕಚ್ಚಿದ್ದವು. ಥ್ರೆಡ್ ಕೊರೆಯುವ ಡೈ ಓಡಿಸಿ ಸರಿಮಾಡಬೇಕಾಯಿತು. ಥ್ರೆಡ್ಡಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಮೋಸಹೋಗುವುದು ಇಲ್ಲೇ. ಹೋಂಡಾ ಲಿವರಿನ ದಪ್ಪ 10 ಎಂ.ಎಂ., ಥ್ರೆಡ್ಡಿನ ಪಿಚ್, ಅಂದರೆ ಒಂದು ಗೆರೆಯಿಂದ ಇನ್ನೊಂದಕ್ಕಿರುವ ದೂರ, 1.5 ಎಂ.ಎಂ. ನಿಸ್ಸಾನಿನದೂ 10 ಎಂ.ಎಂ., ಆದರೆ ಪಿಚ್ 1.25. ಕಣ್ಣಿಗೆ ಎರಡೂ ಒಂದೇ. ಒಂದರ ನಾಬನ್ನು ಇನ್ನೊಂದಕ್ಕೆ ತಿರುಗಿಸಿದರೆ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಹೊಸತಲ್ಲವೇ, ಬಿಗಿ ಇದ್ದೀತು ಎಂದು ಬಲ ಹಾಕಿದವನು ನಾಬಿನ ಒಳಗಿನ ಥ್ರೆಡ್ಡನ್ನು ಕಳೆದುಕೊಳ್ಳುತ್ತಾನೆ. ಪರೀಕ್ಷೆ ಸುಲಭ: ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಹತ್ತರ ನಟ್ಟಿನ ಪಿಚ್ 1.5. ಅದು ಲಿವರಿನ ಮೇಲೆ ಬೆರಳಲ್ಲೇ ಕೊನೆಯವರೆಗೆ ಇಳಿದರೆ ಹೋಂಡಾ ಅಳತೆ ಎಂದರ್ಥ. ಟೊಯೋಟಾ ಬಳಸುವ 12 ಎಂ.ಎಂ.ಗೆ ಈ ಉಪಾಯ ನಡೆಯುವುದಿಲ್ಲ. ಮಾಮೂಲಿ ಹನ್ನೆರಡರ ನಟ್ಟಿನ ಪಿಚ್ 1.75, ಅವರದು 1.25.

ಥ್ರೆಡ್ ಕೂಡಿದರೂ ನಕ್ಷೆ ಸೊಟ್ಟಗೆ ನಿಲ್ಲುವುದುಂಟು. ನೇರ ಮಾಡಲೆಂದು ಇನ್ನರ್ಧ ಸುತ್ತು ಒತ್ತಿ ಎರಡು ನಾಬ್ ಒಡೆದಿದ್ದೇನೆ. ಈಗ ಕೆಳಗೊಂದು ಲಾಕ್ ನಟ್ ಹಾಕಿ, ನಾಬನ್ನು ನೇರ ನಿಲ್ಲಿಸಿ, ನಟ್ಟನ್ನು ಮೇಲಕ್ಕೆ ಬಿಗಿಯುತ್ತೇನೆ. ಕೆಲವರು ನಲ್ಲಿಗೆ ಸುತ್ತುವ ಬಿಳಿ ಟೇಪ್ ಸುತ್ತುತ್ತಾರೆ. ಅದು ಮುಂದಿನ ಸರ್ವಿಸಿನವರೆಗೂ ಬಾಳುವುದಿಲ್ಲ. ಅಂಟು ಹಾಕುವವರ ಬಗ್ಗೆ ನಾನು ಮಾತಾಡುವುದಿಲ್ಲ.

ಎಲ್ಲ ನಾಬೂ ತಿರುಗಿಸಿ ಬಿಚ್ಚುವಂಥದ್ದೂ ಅಲ್ಲ. ಕೆಲವನ್ನು ನೇರ ಮೇಲಕ್ಕೆಳೆಯಬೇಕು. ಬಗ್ಗಿ ಕುಳಿತು ಎಳೆದು ಸ್ವಂತ ಗದ್ದಕ್ಕೆ ಗುದ್ದಿಕೊಂಡ ಹುಡುಗರು ನಮ್ಮ ಸಾಲಿನಲ್ಲಿ ಬೇಕಾದಷ್ಟಿದ್ದಾರೆ. ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ನಾಬಿನ ಜೊತೆ ಕೆಳಗಿನ ಬೂಟೂ, ಅಂದರೆ ಲಿವರಿನ ಬುಡ ಮುಚ್ಚುವ ಮಡಿಕೆಯ ಹೊದಿಕೆಯೂ, ಸೇರಿಯೇ ಬರುತ್ತದೆ, ಹಿಡಿದಿರುವ ಕ್ಲ್ಯಾಂಪ್ ಕತ್ತರಿಸಿದರೆ ಹೊಸತೇ ಬೇಕು.

ಈಗ ನಾಬ್ ಹಾಕಿದ ಮೇಲೆ ನಾನೇ ಸೀಟಿನಲ್ಲಿ ಕುಳಿತು, ಒಂದರಿಂದ ರಿವರ್ಸಿನವರೆಗೆ ಲಿವರ್ ಓಡಿಸಿ, ತಲೆಯ ಮೇಲಿನ ಗೆರೆಗೆ ತಾಳೆ ನೋಡುತ್ತೇನೆ. “ಈ ಕಾರನ್ನು ಮನೆಯಲ್ಲಿ ಇನ್ನು ಯಾರು ಓಡಿಸುತ್ತಾರೆ?” ಎಂದು ಕೇಳುತ್ತೇನೆ. ಬಿಚ್ಚಿದ ಹಳೆಯ ನಾಬನ್ನೂ ತಿರುಗಿಸಿ ನೋಡುತ್ತೇನೆ. ಒಂದೇ ಕಡೆ ವಿಪರೀತ ಸವೆದಿದ್ದರೆ, ಓಡಿಸುವವರು ದಾರಿಯುದ್ದಕ್ಕೂ ಕೈಯನ್ನು ಅದರ ಮೇಲೆಯೇ ಊರಿರುತ್ತಾರೆ. ಆ ಭಾರ ಲಿವರಿನ ಮೂಲಕ ಗೇರ್‌ಬಾಕ್ಸಿನೊಳಗೆ ಗೇರ್ ಬದಲಿಸುವ ಕವಲಿಗೆ, ಅಂದರೆ ಸೆಲೆಕ್ಟರ್ ಫೋರ್ಕಿಗೆ ಇಳಿಯುತ್ತದೆ, ಫೋರ್ಕ್ ತಾನು ಸರಿಸುವ, ಸದಾ ತಿರುಗುತ್ತಿರುವ ಸ್ಲೀವ್ ಎಂಬ ಬಳೆಗೆ ಒರಗಿ ಸವೆಯತೊಡಗುತ್ತದೆ. ಹೇಳಿದರೆ ಕೆಲವರು ಕೇಳುತ್ತಾರೆ, ಕೆಲವರು ನಕ್ಕು ಹಣ ಕೊಟ್ಟು ಹೋಗುತ್ತಾರೆ.

ಮೇಷ್ಟ್ರಿಗೆ ಹೊಸ ನಾಬ್ ಹಾಕಲಿಲ್ಲ. ಕಂಪನಿಯ ಹಳೆಯ ನಾಬ್ ಹುಡುಗನ ಪೆಟ್ಟಿಗೆಯಲ್ಲೇ ಬಿದ್ದಿತ್ತು. ಚರ್ಮ ಹಾಳಾಗಿತ್ತೇ ಹೊರತು ಥ್ರೆಡ್ಡೂ ತಲೆಯ ನಕ್ಷೆಯೂ ನೆಟ್ಟಗಿದ್ದವು. ಪಕ್ಕದ ಸೀಟ್ ಕವರ್ ಅಂಗಡಿಗೆ ಕೊಟ್ಟು ಹೊಸ ಚರ್ಮ ಹೊಲಿಸಿದೆ. ಹೊಲಿಗೆ ಯಾವ ಕಡೆ ಬರಲಿ ಎಂದು ಅವರು ಕೇಳಿದರು. ಮುಂದಕ್ಕೆ, ಡ್ಯಾಶ್‌ಬೋರ್ಡಿನ ಕಡೆಗೆ ಎಂದೆ, ಅಂಗೈಗೆ ಗಂಟು ತಾಗಬಾರದು. ಬೆಳ್ಳಿ ತಲೆಯ ನಾಬ್ ಈಗಲೂ ನನ್ನ ಮೇಜಿನ ಮೇಲಿದೆ, ಫ್ಯಾನ್ ಗಾಳಿಗೆ ಬಿಲ್ಲುಗಳು ಹಾರದಂತೆ ಹಿಡಿದುಕೊಂಡು.