ಬಸಳೆ ಚಪ್ಪರದಲ್ಲಿ ಬಾಣಂತನ

ಈ ಸಲ ಏಪ್ರಿಲ್ ಕೊನೆಯಿಂದ ಹೆಚ್ಚುಕಡಿಮೆ ಒಂದು ತಿಂಗಳು ನಮ್ಮ ಮನೆಯಲ್ಲಿ ಬಸಳೆ ಪದಾರ್ಥವೇ ಇರಲಿಲ್ಲ. ಹಿತ್ತಿಲ ಚಪ್ಪರದ ತುಂಬ ಬಸಳೆ, ದಂಟು ಹೆಬ್ಬೆರಳಿನಷ್ಟು ದಪ್ಪ, ಬಸಳೆಗೆ ಹಾಕುವ ಮರುವಾಯಿ ಚಿಪ್ಪು ಮಾರುವವಳು ವಾರಕ್ಕೆರಡು ಸಲ ಗೇಟಿನ ಹತ್ತಿರ ನಿಂತು ಕೂಗಿ ಹೋಗುತ್ತಿದ್ದಳು. ಆದರೂ ಇಲ್ಲ. ಉಡುಪಿ ಪಕ್ಕದ ಉದ್ಯಾವರದಲ್ಲಿ ಮನೆ ಇಟ್ಟುಕೊಂಡು, ಹಿತ್ತಿಲಲ್ಲಿ ಬಸಳೆ ಇಟ್ಟುಕೊಂಡು, ಪೇಟೆಯಿಂದ ಬೀನ್ಸ್ ತಂದು ತಿಂದೆವು. ಎಲ್ಲ ಒಂದು ಪಿಕಳಾರ ಹಕ್ಕಿಯ ದೆಸೆಯಿಂದ.

ಗೂಡು ಮೊದಲು ಕಂಡದ್ದು ಅತ್ತೆಗೆ. ಕತ್ತಿ ಹಿಡಿದು ದಂಟು ಕೊಯ್ಯಲು ಹೋದವರು ಅಲ್ಲಿಂದಲೇ ಕರೆದರು. "ಹೋಯ್, ಇಲ್ಲಿ ಬಾ ಒಮ್ಮೆ. ಮೊಟ್ಟೆ ಉಂಟು ಮಾರಾಯ್ತಿ!" ನನ್ನ ಎದೆಯ ಎತ್ತರದಲ್ಲಿ, ಎರಡು ಬಳ್ಳಿ ಕೂಡುವ ಕಡೆ, ಒಂದು ಸಣ್ಣ ಬಟ್ಟಲು. ಒಣಗಿದ ಎಲೆ, ಬೇರು, ಜೇಡರ ಬಲೆ, ಜೊತೆಗೆ ನಮ್ಮದೇ ಕಾಲೊರೆಸುವ ಮ್ಯಾಟಿನ ನಾರು. ಒಳಗೆ ಮೂರು ಮೊಟ್ಟೆ. ತಿಳಿ ಗುಲಾಬಿ ಬಣ್ಣಕ್ಕೆ ಕೆಂಪು-ಕಂದು ಚುಕ್ಕೆ ಎರಚಿದ ಹಾಗೆ. ತಾಯಿ ಹಕ್ಕಿ ದಾಸವಾಳದ ಗೆಲ್ಲಿನ ಮೇಲೆ ಕುಳಿತು ಜುಟ್ಟು ನೆಟ್ಟಗೆ ಮಾಡಿ ನಮಗೆ ಬೈಯುತ್ತಿತ್ತು. ಕಪ್ಪು ಜುಟ್ಟು, ಕೆನ್ನೆಗೆ ಕೆಂಪು ಬೊಟ್ಟು, ಬಾಲದ ಬುಡ ಕೆಂಪು. ಇದಕ್ಕೆ ಕೆಮ್ಮೀಸೆ ಪಿಕಳಾರ ಅನ್ನುತ್ತಾರೆ. ನಮ್ಮ ಕಡೆಯ ಯಾವ ಹಿತ್ತಿಲಿಗೆ ಹೋದರೂ ಒಂದು ಜೋಡಿ ಇದ್ದೇ ಇರುತ್ತದೆ, ಅಲ್ವಾ?

ಅತ್ತೆ ಕತ್ತಿ ಕೆಳಗಿಟ್ಟರು. ಕೊಯ್ಯಬೇಡಿ ಅಂತ ನಾನು ಹೇಳಬೇಕಾಗಿಯೇ ಬರಲಿಲ್ಲ. "ಬಾಣಂತಿ ಇರುವ ಮನೆಗೆ ಕತ್ತಿ ಹಿಡ್ಕೊಂಡು ಹೋಗ್ಲಿಕ್ಕೆ ಆಗ್ತದಾ?" ಅಂದರು, ಅಷ್ಟೆ.

ಪಿಕಳಾರದ ಮೊಟ್ಟೆ ಒಡೆಯಲು ಸುಮಾರು 12 ದಿನ, ಮರಿ ಗೂಡು ಬಿಡಲು ಮತ್ತೆ ಹತ್ತಿರ ಹತ್ತಿರ ಅಷ್ಟೇ ದಿನ. ಮೇ 5ಕ್ಕೆ ಮೂರೂ ಒಡೆದವು. ಆಗ ತಾನೇ ಹೊರಬಂದ ಮರಿ ನೋಡಿದ್ದೀರಾ? ಚಂದ ಅನ್ನುವ ಹಾಗಿಲ್ಲ. ಗುಲಾಬಿ ಚರ್ಮ, ಮುಚ್ಚಿದ ಕಣ್ಣು, ಒಳಗಿನ ಕಪ್ಪು ಗುಡ್ಡೆ ಹೊರಗೆ ಕಾಣುತ್ತದೆ, ಹೊಟ್ಟೆ ಮಾತ್ರ ಇಷ್ಟು ದಪ್ಪ. ಚಪ್ಪರ ಸ್ವಲ್ಪ ಅಲುಗಿದರೆ ಸಾಕು, ಮೂರು ಬಾಯಿ ಮೇಲಕ್ಕೆ ತೆರೆದುಕೊಳ್ಳುತ್ತವೆ. ಬಂದದ್ದು ಅಮ್ಮನೋ, ಗಾಳಿಯೋ, ನನ್ನ ಮಗನ ಮೂಗೋ, ಅವಕ್ಕೆ ಲೆಕ್ಕವೇ ಇಲ್ಲ.

ನಾಲ್ಕನೇ ಕ್ಲಾಸಿನ ಮಗನಿಗೆ ರಜೆ. ಬಚ್ಚಲಮನೆಯ ಕಿಟಕಿಯಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದ. ಒಂದು ದಿನ ಓಡಿ ಬಂದು, "ಅಮ್ಮಾ, ಅದು ಮರಿಯ ಹಿಂದಿನಿಂದ ಬಿಳಿ ಮೊಟ್ಟೆ ಕಚ್ಚಿಕೊಂಡು ಹೋಯ್ತು!" ಅಂದ. ಮೊಟ್ಟೆಯಲ್ಲ, ಅದು ಡೈಪರ್. ಗೂಡಿನಲ್ಲಿರುವ ಮರಿಗಳ ಹಿಕ್ಕೆ ತೆಳು ಪೊರೆಯ ಚೀಲದೊಳಗೆ ಕಟ್ಟಿದ ಹಾಗೆ ಬರುತ್ತದೆ. ಹುಳ ತಿನ್ನಿಸಿದ ಕೂಡಲೇ ಮರಿ ಹಿಂದೆ ತಿರುಗಿ ಬಾಲ ಎತ್ತುತ್ತದೆ, ತಾಯಿಯೋ ತಂದೆಯೋ ಕೊಕ್ಕಿನಲ್ಲಿ ಎತ್ತಿ ದೂರ ಒಯ್ದು ಬಿಸಾಡುತ್ತವೆ. ಗೂಡು ಒದ್ದೆಯಾಗುವುದಿಲ್ಲ, ವಾಸನೆ ಇಲ್ಲ, ಗೂಡಿನ ಅಡಿಯಲ್ಲಿ ಬೆಳ್ಳಗೆ ಗುರುತು ಬಿದ್ದು ಬೆಕ್ಕಿಗೆ ಗೊತ್ತಾಗುವುದೂ ಇಲ್ಲ. ನಾನು ಬಾಣಂತಿಯಾಗಿದ್ದಾಗ ಮನೆಯ ಗಂಡಸರು ಇದರಲ್ಲಿ ಅರ್ಧ ಮಾಡಿದ್ದರೂ ಸಾಕಿತ್ತು ಅಂತ ಅತ್ತೆಯ ಎದುರೇ ಹೇಳಿದೆ. ಅವರು ನಕ್ಕರು, ಏನೂ ಹೇಳಲಿಲ್ಲ.

ನಾಲ್ಕನೇ ದಿನ ಕುಪ್ಪುಳು ಬಂತು. ಕೆಂಬೂತ, ರತ್ನಪಕ್ಷಿ ಅಂತೆಲ್ಲ ಕರೆಯುವ ಅದೇ ಹಕ್ಕಿ. ಬೆಳಿಗ್ಗೆ ಎದ್ದ ಕೂಡಲೇ ಕಂಡರೆ ಒಳ್ಳೆಯದು ಅಂತ ಇವತ್ತಿಗೂ ನಂಬುವವರಿದ್ದಾರೆ, ನಮ್ಮ ಅತ್ತೆಯೂ ಅದರಲ್ಲಿ ಒಬ್ಬರು. ಆ ಕಂದು ರೆಕ್ಕೆ, ಕೆಂಪು ಕಣ್ಣಿನ ಭಾರದ ಹಕ್ಕಿ ಬಸಳೆಯೊಳಗೆ ನುಸುಳಿ ಹೊರಗೆ ಬರುವಾಗ ಬಾಯಿಯಲ್ಲಿ ಒಂದು ಮರಿ. ಬಸವನಹುಳ, ಓತಿಕ್ಯಾತ, ಇಲಿಮರಿ, ಬೇರೆ ಹಕ್ಕಿಗಳ ಮೊಟ್ಟೆ ಮರಿ ಎಲ್ಲ ಅದರ ಊಟ. ಎಪ್ಪತ್ತು ದಾಟಿದ ಅತ್ತೆ ರತ್ನಪಕ್ಷಿಗೆ ಕಲ್ಲು ಬೀಸಿದ್ದನ್ನು ನಾನು ಕಣ್ಣಾರೆ ಕಂಡೆ. ತಾಗಲಿಲ್ಲ ಬಿಡಿ. ಅದರ ಮನೆಯಲ್ಲೂ ಮರಿ ಇರಬಹುದು ಅಂತ ನಾನು ಅಂದದ್ದು ಆ ಹೊತ್ತಿಗೆ ಯಾರಿಗೂ ಬೇಕಾಗಿರಲಿಲ್ಲ, ನನಗೂ.

ಇಲ್ಲಿ ಒಂದು ಹಳೆಯ ಕತೆ ಹೇಳಲೇಬೇಕು. ಏಳು ವರ್ಷದ ಹಿಂದೆ ಬಾವಿಕಟ್ಟೆಯ ಪಕ್ಕ ಒಂದು ಮಡಿವಾಳ ಹಕ್ಕಿಯ ಮರಿ ಸಿಕ್ಕಿತ್ತು. ಹಳೆಯ ಪಂಪ್‌ಶೆಡ್ಡಿನ ಗೋಡೆಯ ತೂತಿನಲ್ಲಿ ಅವುಗಳ ಗೂಡಿತ್ತು. ಮೈತುಂಬ ಪುಕ್ಕ, ಎದೆಯಲ್ಲಿ ಕಂದು ಚುಕ್ಕೆ, ಬಾಲ ಮಾತ್ರ ಮೋಟು. ಕುಪ್ಪಳಿಸುತ್ತಿತ್ತು, ಹಾರಲು ಬರುತ್ತಿರಲಿಲ್ಲ. ಪಾಪ, ಬಿದ್ದುಬಿಟ್ಟಿದೆ, ಅನಾಥ ಅಂತ ತೀರ್ಮಾನ ಮಾಡಿ ಚಪ್ಪಲಿ ಡಬ್ಬದಲ್ಲಿ ಬಟ್ಟೆ ಹಾಸಿ ಒಳಗೆ ತಂದೆ. ಹಾಲಿನಲ್ಲಿ ಅನ್ನ ಹಿಚುಕಿ ಕೊಟ್ಟೆ. ಇಂಕ್ ಫಿಲ್ಲರಿನಲ್ಲಿ ಬಾಯಿಗೆ ನೀರು ಬಿಟ್ಟೆ. ಹೊರಗೆ ಕತ್ತಲಾಗುವವರೆಗೂ ಎರಡು ದೊಡ್ಡ ಹಕ್ಕಿಗಳು ಕಾಂಪೌಂಡಿನ ಮೇಲೆ ಕುಳಿತು ಕರಕರ ಅಂತ ಕೂಗುತ್ತಲೇ ಇದ್ದವು. ಏನಪ್ಪಾ ಇವತ್ತು ಇಷ್ಟು ಗಲಾಟೆ ಅಂತ ಕಿಟಕಿ ಹಾಕಿದೆ. ಬೆಳಿಗ್ಗೆ ಮರಿ ಸತ್ತಿತ್ತು.

ಆಮೇಲೆ ಓದಿ, ಗೊತ್ತಿದ್ದವರನ್ನು ಕೇಳಿ ತಿಳಿದುಕೊಂಡೆ. ನಾನು ಮಾಡಿದ್ದರಲ್ಲಿ ಒಂದೂ ಸರಿ ಇರಲಿಲ್ಲ. ಹಾರಲು ಪೂರ್ತಿ ಬರುವ ಮೊದಲೇ ಮರಿ ಗೂಡು ಬಿಡುವುದು ಮಾಮೂಲು. ಕೆಲವು ದಿನ ನೆಲದಲ್ಲಿ, ಪೊದೆಯಲ್ಲಿ ಇರುತ್ತದೆ, ಅಪ್ಪ ಅಮ್ಮ ಅಲ್ಲಿಗೇ ಬಂದು ತಿನ್ನಿಸುತ್ತವೆ. ಅಂದರೆ ಅದು ಅನಾಥ ಆಗಿರಲೇ ಇಲ್ಲ, ಗೋಡೆಯ ಮೇಲೆ ಕೂಗುತ್ತಿದ್ದವು ಅದರ ಅಪ್ಪ ಅಮ್ಮ. ಹಕ್ಕಿಗೆ ಹಾಲು ಜೀರ್ಣ ಆಗುವುದಿಲ್ಲ, ಹಾಲು ಕುಡಿದು ಬೆಳೆಯುವ ಜಾತಿಯೇ ಅಲ್ಲ ಅದು. ಇನ್ನು ನೀರು. ಹಕ್ಕಿಯ ಬಾಯಿ ತೆರೆದು ನೋಡಿದರೆ ನಾಲಿಗೆಯ ಬುಡದಲ್ಲೇ ಒಂದು ಸಣ್ಣ ತೂತು ಇರುತ್ತದೆ, ಅದು ಶ್ವಾಸನಾಳದ ಬಾಯಿ. ಫಿಲ್ಲರಿನಲ್ಲಿ ಬಿಟ್ಟ ನೀರು ಸೀದಾ ಅಲ್ಲಿಗೆ ಇಳಿಯಬಹುದು. ಮರಿಗೆ ಬೇಕಾದ ನೀರು ಹುಳದಲ್ಲೇ ಇರುತ್ತದೆ. ಸತ್ತ ಆ ಮರಿಯನ್ನು ಕೇಪುಳ ಗಿಡದ ಬುಡದಲ್ಲಿ ಮಣ್ಣು ಮಾಡಿದ್ದೆ. ಈಗಲೂ ಮಡಿವಾಳ ಬೆಳಿಗ್ಗೆ ಹಾಡುವಾಗ ನನಗೆ ಆ ಚಪ್ಪಲಿ ಡಬ್ಬದ ನೆನಪಾಗುತ್ತದೆ.

ಹಾಗಾಗಿ ಈ ಸಲ ಮೇ 14ರ ರಾತ್ರಿ ಗಾಳಿ ಗುಡುಗು ಶುರುವಾಗಿ ಕರೆಂಟು ಹೋದಾಗ ನನಗೆ ನಿದ್ದೆ ಬರಲಿಲ್ಲ. ಬೆಳಕು ಹರಿಯುವ ಮೊದಲೇ ಟಾರ್ಚ್ ಹಿಡಿದು ಹೋದೆ. ತೆಂಗಿನ ಮಡಲು ಬಿದ್ದು ಚಪ್ಪರದ ಮೂಲೆ ಕುಸಿದಿತ್ತು. ಗೂಡು ಕೆಳಗೆ ಮಗುಚಿ ಬಿದ್ದಿತ್ತು. ಒಂದು ಮರಿ ಗೂಡಿನ ಅಡಿಯಲ್ಲಿ, ಇನ್ನೊಂದು ಬಾಳೆಯ ಬುಡದಲ್ಲಿ ಕೆಸರು ಮೆತ್ತಿಕೊಂಡು. ಎರಡೂ ಬದುಕಿದ್ದವು. ಒಂಬತ್ತು ದಿನದ ಮರಿಗಳು. ಪುಕ್ಕ ಇನ್ನೂ ಕೊಳವೆಯಿಂದ ಪೂರ್ತಿ ಬಿಚ್ಚಿರಲಿಲ್ಲ, ಮೈಯೆಲ್ಲ ಸಣ್ಣ ಸಣ್ಣ ಬೂದು ಕಡ್ಡಿ ಚುಚ್ಚಿದ ಹಾಗಿತ್ತು. ಅಂಗೈಯಲ್ಲಿ ಇಟ್ಟಾಗ ತಣ್ಣಗಿದ್ದವು, ಆಮೇಲೆ ನಿಧಾನಕ್ಕೆ ಬಿಸಿಯಾದವು. ಒಳಗೆ ಎದೆ ಬಡಿದುಕೊಳ್ಳುವುದು ಬೆರಳಿಗೆ ಗೊತ್ತಾಗುತ್ತಿತ್ತು.

"ಮನುಷ್ಯರು ಮುಟ್ಟಿದರೆ ತಾಯಿ ಹತ್ತಿರ ಸೇರಿಸುವುದಿಲ್ಲ" ಅಂತ ನಾವೆಲ್ಲ ಕೇಳಿಯೇ ಬೆಳೆದವರು. ಸುಳ್ಳು. ಇಷ್ಟು ದಿನ ತಿನ್ನಿಸಿ ಬೆಳೆಸಿದ ಮರಿಯನ್ನು ನಮ್ಮ ಕೈ ವಾಸನೆಗೆ ಹೆದರಿ ಅವು ಬಿಟ್ಟುಹೋಗುವುದಿಲ್ಲ. ಪುಕ್ಕ ಬಾರದ ಮರಿ ಬಿದ್ದಿದ್ದರೆ, ಗೂಡು ಕೈಗೆ ಎಟುಕಿದರೆ, ಎತ್ತಿ ಒಳಗಿಡುವುದೇ ಸರಿ. ನಮ್ಮ ತೊಂದರೆ ಏನೆಂದರೆ ಇಡಲು ಗೂಡೇ ಇರಲಿಲ್ಲ.

ಉಪಾಯ ಅತ್ತೆಯದು. ಬಚ್ಚಲ ಒಲೆಯ ಹತ್ತಿರದ ರಾಶಿಯಿಂದ ಒಂದು ಗೆರಟೆ, ಅಂದರೆ ತೆಂಗಿನ ಚಿಪ್ಪು, ಆರಿಸಿ ತಂದರು, ಕಣ್ಣಿರುವ ಅರ್ಧ. ಮೂರು ಕಣ್ಣಿನಲ್ಲಿ ಒಂದು ಮೊದಲೇ ತೂತಾಗಿತ್ತು, ಮಳೆ ನೀರು ಬಿದ್ದರೆ ಅಲ್ಲೇ ಇಳಿದುಹೋಗುತ್ತದೆ. ಹರಿದ ಗೂಡನ್ನು ಅದರೊಳಗೆ ಒತ್ತಿ ಕೂರಿಸಿದರೆ ಅಳತೆ ತೆಗೆದು ಮಾಡಿದ ಹಾಗೆ ಕೂತಿತು. ಚಪ್ಪರದ ಇನ್ನೊಂದು ಕಂಬಕ್ಕೆ, ಹಳೆಯ ಜಾಗದಿಂದ ಎರಡು ಮೊಳ ಅಷ್ಟೆ, ಬಾಳೆನಾರಿನಿಂದ ಬಿಗಿಯಾಗಿ ಕಟ್ಟಿದೆವು. ಈ ವಯಸ್ಸಿನ ಮರಿಗಳನ್ನು ಮುಟ್ಟಿದರೆ ಹೆದರಿ ಹೊರಗೆ ಹಾರುತ್ತವೆ, ಒಂದು ಹಾಗೇ ಹಾರಿತು ಕೂಡ. ಮತ್ತೆ ಹಿಡಿದು ಇಟ್ಟು, ಮೇಲೆ ಅಗಲದ ಬಸಳೆ ಎಲೆ ಮುಚ್ಚಿ, ಸುಮಾರು ಹೊತ್ತು ಕೈ ಅಡ್ಡ ಹಿಡಿದು ನಿಂತೆ. ಸುಮ್ಮನಾದವು. ಎಲೆ ತೆಗೆದು ಒಳಗೆ ಬಂದು ಬಾಗಿಲು ಹಾಕಿದೆ.

ಆಮೇಲಿನ ಅರ್ಧ ಗಂಟೆ ನನ್ನ ಕಾಫಿ ಆರಿ ತಣ್ಣಗಾಯಿತು. ಹಕ್ಕಿ ಮೊದಲು ಹಳೆಯ ಜಾಗಕ್ಕೆ ಹೋಯಿತು. ಕುಸಿದ ಮೂಲೆಯಲ್ಲಿ ಆಚೆ ಈಚೆ ಹುಡುಕಿತು, ಬಾಯಿಯಲ್ಲಿ ಹಸಿರು ಕಂಬಳಿಹುಳ ಹಾಗೇ ಇತ್ತು. ಹಾರಿಹೋಯಿತು. ಮತ್ತೆ ಬಂತು. ಗೆರಟೆಯೊಳಗಿಂದ ಚೀಂವ್ ಅಂದದ್ದು ನಮಗೇ ಕೇಳಿತು, ಅದಕ್ಕೆ ಕೇಳದೆ ಇರುತ್ತದಾ? ಕಂಬದ ಮೇಲೆ ಕುಳಿತು, ಕತ್ತು ಓರೆ ಮಾಡಿ ಒಮ್ಮೆ ನೋಡಿ, ಹುಳ ಬಾಯಿಗೆ ತುರುಕಿತು. ಮಗ ಕಿರುಚಲು ಹೊರಟವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಮೂರು ದಿನ ಗೆರಟೆಯಲ್ಲಿ ಸಂಸಾರ ನಡೆಯಿತು. 17ಕ್ಕೆ ಒಂದು, 18ಕ್ಕೆ ಇನ್ನೊಂದು ಇಳಿದವು. ಇಳಿದವು ಅಂದರೆ ಬಿದ್ದವು ಅಂತಲೇ ಹೇಳಬೇಕು. ಕೇಪುಳದ ಅಡಿಯಲ್ಲಿ ಕುಳಿತು ಅಳುವ ಮುಖ ಮಾಡಿಕೊಂಡಿದ್ದವು. ಬಾಯಿಯ ಅಂಚು ಇನ್ನೂ ಹಳದಿ, ತಲೆಯಲ್ಲಿ ಜುಟ್ಟಿನ ಆಸೆ ಮಾತ್ರ, ಕೆನ್ನೆಯಲ್ಲಿ ಕೆಂಪು ಇಲ್ಲವೇ ಇಲ್ಲ. ಬಾಲದ ಅಡಿಯೂ ಕೆಂಪಲ್ಲ, ಮಾಸಿದ ಕಿತ್ತಳೆ. ಪಕ್ಕದ ಮನೆಯ ಅಕ್ಕ ಕಾಂಪೌಂಡಿನಿಂದ ಇಣುಕಿ, "ಪಂಜರ ಉಂಟು ನಮ್ಮಲ್ಲಿ, ಕೊಡ್ಲಾ?" ಅಂತ ಕೇಳಿದರು. ಕಾಡುಹಕ್ಕಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ತಪ್ಪು ಅಂತ ನಾನು ಭಾಷಣ ಶುರು ಮಾಡುವಷ್ಟರಲ್ಲಿ ಅತ್ತೆ, "ಬೇಡ ಮಾರಾಯ್ತಿ, ನಿಮ್ಮ ಬೆಕ್ಕನ್ನು ಎರಡು ದಿನ ಆ ಪಂಜರದಲ್ಲಿ ಹಾಕಿಡು" ಅಂದರು. ಬೆಕ್ಕು ಪಂಜರಕ್ಕೇನೂ ಹೋಗಲಿಲ್ಲ, ಆದರೆ ಹಗಲು ಮನೆಯೊಳಗೇ ಉಳಿಯಿತು. ಮಗ ಹಿಡಿಸೂಡಿ ಹಿಡಿದು ಜಗಲಿಯಲ್ಲಿ ಕಾವಲು ಕೂತ.

ಅದೇ ವಾರ ಇನ್ನೊಂದು. ಮೊದಲ ಮಳೆಗೆ ತೆಂಗಿನ ಬುಡದ ಗುಂಡಿ ತುಂಬಿ ಅದರಲ್ಲಿ ಹುಂಡುಕೋಳಿ ಅನ್ನುವ ನೀರುಹಕ್ಕಿಯ ನಾಲ್ಕು ಮರಿ ಸಿಕ್ಕಿಬಿದ್ದಿದ್ದವು, ಮಸಿ ಉಂಡೆಯ ಹಾಗೆ ಕಪ್ಪು. ಇವು ಪಿಕಳಾರದ ಹಾಗಲ್ಲ, ಮೊಟ್ಟೆಯಿಂದ ಬಂದು ಸ್ವಲ್ಪ ಹೊತ್ತಿಗೇ ಓಡಾಡುತ್ತವೆ, ಈಜುತ್ತವೆ, ಆದರೆ ಗುಂಡಿಯ ಅಂಚು ಹತ್ತಲು ಆಗುತ್ತಿರಲಿಲ್ಲ. ಒಂದು ಕೊತ್ತಳಿಗೆ, ಅಂದರೆ ತೆಂಗಿನ ಮಡಲಿನ ಅಗಲದ ಬುಡ, ಓರೆಯಾಗಿ ಇಟ್ಟು ಬಂದೆವು. ಮಗನ ಕ್ರಿಕೆಟ್ ಬ್ಯಾಟ್ ಅದು. ಅದರ ಮೇಲೆ ಸಾಲಾಗಿ ಹತ್ತಿ ತೋಡಿನ ಕಡೆ ಹೋದವು. ಬ್ಯಾಟ್ ವಾಪಸ್ ತಂದೆವು.

ಮೇ ಕೊನೆಯ ವಾರದಲ್ಲಿ ಬರುವ ತುಳುವರ ಪತ್ತನಾಜೆ ಕಳೆದ ಮೇಲೆ ಅತ್ತೆ ಬಸಳೆ ಕೊಯ್ದರು. ಅಷ್ಟೊತ್ತಿಗೆ ಮಳೆ ಹಿಡಿದು ಮರುವಾಯಿಯವಳು ಬರುವುದು ನಿಂತಿತ್ತು, ಹಲಸಿನ ಬೀಜ ಹಾಕಿ ಮಾಡಿದರು. ಗೆರಟೆ ಕಟ್ಟಿದ ಕಂಬದ ಸುತ್ತ ಮಾತ್ರ ಒಂದು ದಂಟೂ ಮುಟ್ಟಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ. ಎರಡೂ ಮರಿಗಳು ಈಗ ನುಗ್ಗೆ ಮರದಲ್ಲಿರುತ್ತವೆ. ಅಪ್ಪನ ಹಿಂದೆ ಹಾರಿ ಹೋಗಿ, ರೆಕ್ಕೆ ಅದುರಿಸಿ, ಬಾಯಿ ತೆರೆದು ಇನ್ನೂ ಬೇಡುತ್ತವೆ. ಕೆನ್ನೆಗೆ ಕೆಂಪು ಬಂದಿಲ್ಲ ಅಂತ ಮಗ ದಿನಾ ಬೆಳಿಗ್ಗೆ ವರದಿ ಒಪ್ಪಿಸುತ್ತಿದ್ದಾನೆ.