ಉಳುಮೆ ಬಿಟ್ಟ ಅರ್ಧ ಎಕರೆ: ಎಂಟನೇ ತಿಂಗಳು

ಮಳೆ ಬಂದಾಗಲೆಲ್ಲ ಹೊಲದಿಂದ ಕೆಂಪು ನೀರು ಹರಿದು ಹೋಗುವುದನ್ನು ನೋಡಿ ನೋಡಿ ಸಾಕಾಗಿತ್ತು. ಮನೆಯವರೆಲ್ಲ ಕೂತು ಮಾತಾಡಿ, ಒಂದು ಮೂಲೆಯ ಅರ್ಧ ಎಕರೆಗೆ ನೇಗಿಲು ಹಾಕಬಾರದು, ಮಣ್ಣನ್ನು ಬರಿದಾಗಿಯೂ ಬಿಡಬಾರದು ಅಂತ ತೀರ್ಮಾನ ಮಾಡಿದೆವು.

ಮೊದಲ ದಿನವೇ ಒಂದು ಪರೀಕ್ಷೆ ಮಾಡಿದ್ದೆ. ಹೊಲದ್ದೊಂದು ಒಣ ಹೆಂಟೆ, ಬದುವಿನ ಹುಲ್ಲಿನ ಬುಡದ್ದೊಂದು, ಎರಡನ್ನೂ ನೀರು ತುಂಬಿದ ಗಾಜಿನ ಲೋಟಗಳಲ್ಲಿ ಇಳಿಬಿಟ್ಟೆ. ಹೊಲದ್ದು ಗುಳ್ಳೆ ಬಿಡುತ್ತಾ ಒಂದೇ ನಿಮಿಷದಲ್ಲಿ ಕುಸಿದು ಕೆಸರಾಯಿತು. ಬದುವಿನದ್ದು ಹಾಕಿದ ಹಾಗೇ ಕೂತಿತ್ತು! ನಡುವೆ ಇದ್ದದ್ದು ಮೂರೇ ಹೆಜ್ಜೆ, ಮಣ್ಣೂ ಒಂದೇ. ಬೇರು, ಶಿಲೀಂಧ್ರದ ಎಳೆ, ಸೂಕ್ಷ್ಮಜೀವಿಗಳು ಬಿಡುವ ಅಂಟು ಇವೆಲ್ಲ ಸೇರಿ ಮಣ್ಣಿನ ಕಣ ಹಿಡಿದಿಡುತ್ತವೆ. ನಾವು ವರ್ಷ ವರ್ಷ ಉತ್ತು ಅದನ್ನೇ ಹರಿದು ಹಾಕುತ್ತಿದ್ದೆವು.

ಎರಡನೇ ತಿಂಗಳಲ್ಲಿ ಒಂದು ತಪ್ಪು ಮಾಡಿದೆ. ಒಣ ಹುಲ್ಲನ್ನು ಮೇಲೆ ಹೊದಿಸುವ ಬದಲು ಒಂದು ಪಟ್ಟಿಯಲ್ಲಿ ಗುದ್ದಲಿಯಿಂದ ಮಣ್ಣಿಗೆ ಬೆರೆಸಿ ಬೀಜ ಹಾಕಿಬಿಟ್ಟೆ, ಸಸಿಗಳೆಲ್ಲ ಹಳದಿಯಾದವು. ಒಣ ಹುಲ್ಲಿನಲ್ಲಿ ಇಂಗಾಲ ತುಂಬಾ ಜಾಸ್ತಿ, ಸಾರಜನಕ ಕಡಿಮೆ, ಅದನ್ನು ಕೊಳೆಸುವ ಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೇ ಎಳೆದುಕೊಂಡುಬಿಡುತ್ತವೆ. ಮೇಲೆ ಹೊದಿಸಿದ ಕಡೆ ಈ ತೊಂದರೆ ಬರಲಿಲ್ಲ.

ನಾಲ್ಕನೇ ತಿಂಗಳಿಗೆ ದ್ವಿದಳ ಜಾತಿಯ ಹಸಿರೆಲೆ ಗೊಬ್ಬರದ ಗಿಡ ಹಾಕಿದೆವು. ಹೂ ಬಿಡುವ ಹೊತ್ತಿಗೆ ಅಮ್ಮ ಒಂದು ಗಿಡ ಕಿತ್ತು ತಂದರು. ಬೇರಿನ ತುಂಬ ಸಣ್ಣ ಸಣ್ಣ ಗಂಟು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆಲ್ಲ ಗುಲಾಬಿ ಬಣ್ಣ. ಆ ಬಣ್ಣ ಇದ್ದರೆ ಒಳಗಿನ ರೈಜೋಬಿಯಂ ಅನ್ನುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುತ್ತಿದೆ ಅಂತ ಅರ್ಥ. ಅವತ್ತೇ ಗಿಡಗಳನ್ನು ಬುಡಕ್ಕೆ ಕೊಯ್ದು ಅಲ್ಲಲ್ಲೇ ಮಲಗಿಸಿದೆವು, ಬೇರು ಮಣ್ಣಲ್ಲೇ ಇರಲಿ ಅಂತ.

ಕಷ್ಟ ಇಲ್ಲ ಅಂತ ಹೇಳಲ್ಲ. ಕಳೆ ಜಾಸ್ತಿ, ಕೈಯಲ್ಲೇ ಕೀಳಬೇಕು, ಈ ಸಲ ಇಳುವರಿಯೂ ಸ್ವಲ್ಪ ಕಡಿಮೆ. ವಿಶ್ವಸಂಸ್ಥೆ 2019ರಿಂದ 2028ರವರೆಗಿನ ಅವಧಿಯನ್ನು ಕುಟುಂಬ ಕೃಷಿಯ ದಶಕ ಅಂತ ಘೋಷಿಸಿದೆ, ಜಗತ್ತಿನ ಹೊಲಗಳಲ್ಲಿ ಶೇ. 90ಕ್ಕೂ ಹೆಚ್ಚು ನಮ್ಮಂಥ ಕುಟುಂಬಗಳೇ ನಡೆಸುವಂಥವು. ಆದರೆ ಒಂದು ಬೆಳೆ ಕೈಕೊಟ್ಟರೆ ಅದನ್ನು ತಡೆದುಕೊಳ್ಳಬೇಕಾದದ್ದು ಆ ಮನೆಯೇ ಅಲ್ವಾ? ಅದಕ್ಕೇ ಇಡೀ ಹೊಲಕ್ಕೆ ಕೈ ಹಾಕದೆ ಅರ್ಧ ಎಕರೆಯಲ್ಲಿ ಶುರು ಮಾಡಿದ್ದು. ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ನಿನ್ನೆ ಮತ್ತೆ ಲೋಟದ ಪರೀಕ್ಷೆ ಮಾಡಿದೆ. ಹೊಲದ ಹೆಂಟೆಯ ಅಂಚು ಉದುರಿತು, ನಡುಭಾಗ ಹತ್ತು ನಿಮಿಷ ಆದರೂ ಗಟ್ಟಿಯಾಗಿತ್ತು. ಒಂದು ಸಲಿಕೆ ಮಣ್ಣಿನಲ್ಲಿ ಏಳು ಎರೆಹುಳ ಸಿಕ್ಕವು, ಮೊದಲ ದಿನ ಒಂದೂ ಇರಲಿಲ್ಲ. ಪಕ್ಕದ ಪಟ್ಟಿಗೂ ಹೊದಿಸಲು ಹುಲ್ಲು ಒಟ್ಟುತ್ತಿದ್ದೇವೆ.